ಎಂಟು ಕಾಲಿಂಚಿನ ಹಲಗೆ

“ಗುರುಗಳೇ, ನಿಮ್ಮಲ್ಲಿಗೆ ಬಂದಾಗ ಯಾವ ಸಭೆಯಲ್ಲಾದರೂ ಒಂದು ಜಾವ ವಾದ ಮಾಡಬಲ್ಲವನಾಗಿದ್ದೆ. ಹನ್ನೆರಡು ವರ್ಷ ಕಲಿತ ಮೇಲೆ ಈಗ ನಾಲ್ಕು ಮಾತಿಗೇ ನನ್ನದು ಮುಗಿದುಹೋಗುತ್ತದೆ. ಊರಿನವರು ನಾನು ಸವೆದುಹೋದೆ ಎನ್ನುತ್ತಾರೆ. ನಿಜವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಮರದ ವ್ಯಾಪಾರಿ ಇದ್ದ. ಗರಗಸದಿಂದ ಹಲಗೆ ಬಿದ್ದೊಡನೆ ಅದರ ದಪ್ಪವನ್ನು ಕಾಲಿಂಚಿನ ಲೆಕ್ಕದಲ್ಲಿ ಅಳೆದು, ತುದಿಗೆ ಕೆಮ್ಮಣ್ಣಿನಲ್ಲಿ ಅಂಕಿ ಬರೆಯುವುದು ಅವನ ಕಸುಬಿನ ಪದ್ಧತಿ. ಎಂಟು ಎಂದರೆ ಎಂಟು ಕಾಲಿಂಚು, ಅಂದರೆ ಎರಡಿಂಚು. ಆಮೇಲೆ ಬಡಗಿ ನುಣುಪು ಮಾಡುವಾಗ ಉಜ್ಜುಗೊರಡು ಎಷ್ಟು ತಿಂದರೂ ಹಲಗೆಯ ಹೆಸರು ಎಂಟೇ. ಮೂರು ತಲೆಮಾರಿನಿಂದ ಆ ಅಂಕಿಯ ಮೇಲೆ ಯಾರೂ ಮರು ಅಳತೆ ಹಿಡಿದಿರಲಿಲ್ಲ.

ಒಂದು ದಿನ ಒಬ್ಬ ಸಾಹುಕಾರ, ಅವನಲ್ಲಿ ಕೊಂಡ ಎಂಟರ ಹಲಗೆಯಿಂದ ಮಾಡಿಸಿದ ಹೊಸ ಬಾಗಿಲನ್ನು ಗಾಡಿಯಲ್ಲಿ ಹೇರಿಕೊಂಡು, ಬಡಗಿಯನ್ನೂ ಕರೆದುಕೊಂಡು ಅಂಗಡಿಗೆ ಬಂದ. ಗಿರಾಕಿಗಳೆಲ್ಲ ನೋಡುತ್ತಿರುವಾಗಲೇ ಬಾಗಿಲಿನ ಅಂಚಿಗೆ ಅಳತೆಪಟ್ಟಿ ಇಟ್ಟ.

“ನೋಡಿ ಶೆಟ್ಟರೇ, ಒಂದೂಮುಕ್ಕಾಲು! ಉಳಿದ ಕಾಲಿಂಚು ಯಾರ ಹೊಟ್ಟೆಗೆ ಹೋಯಿತು?”

ಕಾಲಿಂಚಿನ ಬೆಲೆ ವಾಪಸು ಕೊಟ್ಟರೆ ಗಲಾಟೆ ಅಲ್ಲಿಗೇ ಮುಗಿಯುತ್ತದೆ ಎಂದು ವ್ಯಾಪಾರಿಗೆ ಗೊತ್ತಿತ್ತು. ಆದರೆ ನಾಳೆಯಿಂದ ತನ್ನ ಅಂಕಿಯನ್ನು ನಂಬುವವರು ಯಾರು? ಅವನು ಬಡಗಿಯತ್ತ ತಿರುಗಿದ.

“ಆಚಾರರೇ, ತುದಿ ಕತ್ತರಿಸಿದ ತುಂಡು ಇದೆಯೋ, ಒಲೆಗೆ ಹಾಕಿಬಿಟ್ಟಿರೋ? ಇದ್ದರೆ ತನ್ನಿ. ಉಜ್ಜಿದ ಹೊಟ್ಟನ್ನೂ ತನ್ನಿ.”

ಬಡಗಿ ಮನೆಗೆ ಹೋಗಿ ತುಂಡನ್ನೂ ಹೊಟ್ಟಿನ ಮೂಟೆಯನ್ನೂ ತಂದ. ತುಂಡಿನ ಮೇಲೆ ಕೆಂಪು ಎಂಟು ಹಾಗೇ ಇತ್ತು. ವ್ಯಾಪಾರಿ ಅಳತೆಪಟ್ಟಿಯನ್ನು ಮುಟ್ಟಲಿಲ್ಲ. ಸಾಹುಕಾರನೇ ಅಳೆದ. ಎರಡಿಂಚು, ಮೇಲೊಂದು ಕೂದಲೆಳೆ.

“ನಾನು ಕೊಟ್ಟದ್ದು ಎರಡಿಂಚೇ, ಸಾಹುಕಾರರೇ. ಬಾಗಿಲೂ ನಿಮ್ಮದು, ಈ ಮೂಟೆಯೂ ನಿಮ್ಮದು. ಬಾಗಿಲಿಗೂ ಎರಡಿಂಚೇ ಬೇಕೆಂದರೆ ಒರಟು ಹಲಗೆಯನ್ನೇ ನಿಲ್ಲಿಸಿಕೊಳ್ಳಿ. ನೆಂಟರ ರೇಷ್ಮೆ ಸೀರೆ ಸಿಬಿರಿಗೆ ಸಿಕ್ಕಿ ಹರಿದರೆ ಮಾತ್ರ ನನ್ನ ಹೆಸರು ಹೇಳಬೇಡಿ.”

ನಿಂತವರು ನಕ್ಕರು. ಸಾಹುಕಾರ ಬಾಗಿಲಿನ ಮೇಲೆ ಕೈಯಾಡಿಸಿದ. ಕೈ ಎಲ್ಲೂ ತಡೆಯಲಿಲ್ಲ. ಗಾಡಿ ಹೊಡೆಸಿಕೊಂಡು ಹೋದ. ವ್ಯಾಪಾರಿ ಆ ತುಂಡನ್ನು ಅಂಗಡಿಯ ಮುಂದೆ, ಬಂದವರಿಗೆಲ್ಲ ಕಾಣುವಂತೆ ನೇತುಹಾಕಿದ. ಅಲ್ಲೇ ಉಳಿದ ಹೊಟ್ಟಿನ ಮೂಟೆಯನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಕತೆ ಮುಗಿಸಿ ಗುರುಗಳು ಶಿಷ್ಯನ ಮುಖ ನೋಡಿದರು. ಅವನು ತಲೆ ತಗ್ಗಿಸಿ ಕುಳಿತಿದ್ದ.

“ಹನ್ನೆರಡು ವರ್ಷ ಉಜ್ಜಿದ ನಿನ್ನ ಮಾತಿನ ಮೂಟೆಯೂ ನನ್ನ ಅಂಗಳದಲ್ಲೇ ಬಿದ್ದಿದೆ, ಬೇಕಿದ್ದರೆ ಹೊತ್ತುಕೊಂಡು ಹೋಗು.”