ಅಳುವಿಗೆ ತಾಳ ಹಾಕಿದ ಅಪ್ಪ

ಓಲಗದ ಮುನಿವೆಂಕಟನ ಮನೆಗೆ ಮಗಳು ಬಂದ ದಿನ ಇಡೀ ಬೀದಿಗೇ ಗೊತ್ತಾಯಿತು. ಗೊತ್ತಾಗದೆ ಇರುತ್ತದೆಯೇ? ಊರವರ ಮದುವೆ, ಮುಂಜಿಗೆಲ್ಲ ಓಲಗ ಊದುವವನು ಅವತ್ತು ತನ್ನ ಮನೆ ಬಾಗಿಲಲ್ಲೇ ನಿಂತು ಕೆನ್ನೆ ಉಬ್ಬಿಸಿ ಊದಿದ. ಜೊತೆಗೆ ಡೋಲು ಬಾರಿಸುವ ಗೆಳೆಯ ಪಿಳ್ಳಪ್ಪ ಬೇರೆ.

ಹೆಂಡತಿ ಅಲಮೇಲು ತವರಿನಲ್ಲಿ ಬಾಣಂತನ ಮುಗಿಸಿಕೊಂಡು, ಅವರು ಕೊಟ್ಟ ತೊಟ್ಟಿಲನ್ನು ಗಾಡಿಗೆ ಹೇರಿಸಿಕೊಂಡು, ಮೂರು ತಿಂಗಳ ಕೂಸನ್ನು ಎದೆಗೊತ್ತಿಕೊಂಡು ಬಂದಿಳಿದಳು. ಅಕ್ಕಪಕ್ಕದ ಹೆಂಗಸರು ಆರತಿ ತಂದರು, ಕೆಂಪು ನೀರು ನಿವಾಳಿಸಿದರು. ಅಷ್ಟು ಹತ್ತಿರದಲ್ಲಿ ಓಲಗ ಕೇಳಿ ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿತು.

"ಸಾಕು ನಿಲ್ಸಿ. ಮಗು ಹೆದರ್ಕೊಂಡಿದೆ" ಅಂದಳು ಅಲಮೇಲು.

ಮುನಿವೆಂಕಟ ಓಲಗ ಇಳಿಸಿದ. ಆದರೆ ಮಗುವನ್ನು ಸಮಾಧಾನ ಮಾಡಲಿಕ್ಕಲ್ಲ, ಅಳು ಚೆನ್ನಾಗಿ ಕೇಳಲಿ ಅಂತ!

"ಲೋ ಪಿಳ್ಳಪ್ಪ, ಕೇಳಿದ್ಯೇನೋ? ನಾನು ಊದ್ತಿದ್ದ ಶ್ರುತೀಲೇ ಅಳ್ತಿದಾಳೆ!"

"ಹೌದಣ್ಣ, ಚೂರೂ ಆಚೀಚೆ ಇಲ್ಲ" ಅಂದ ಪಿಳ್ಳಪ್ಪ. ಅವನಿಗೆ ನಿಜವಾಗಿ ಕೇಳಿಸಿತೋ, ಒಳಗೆ ಕಾಯುತ್ತಿದ್ದ ಒಬ್ಬಟ್ಟಿನ ವಾಸನೆಗೆ ಹಾಗೆ ಅಂದನೋ, ದೇವರಿಗೇ ಗೊತ್ತು.

ಮುನಿವೆಂಕಟನ ಕಿವಿ ಅಂಥಿಂಥ ಕಿವಿಯಲ್ಲ. ಓಲಗದ ತುದಿಗೆ ಸಿಕ್ಕಿಸಿ ಊದುವ ಪುಟ್ಟ ಪೀಪಿ ಇರುತ್ತದಲ್ಲ, ಸೀವಾಳಿ ಅನ್ನುತ್ತಾರೆ, ಅದನ್ನು ಅವನು ಕೈಯಾರೆ ಮಾಡಿಕೊಳ್ಳುತ್ತಿದ್ದ. ಒಂದಿಷ್ಟು ಸ್ವರ ಕೆಟ್ಟರೂ ಕೂತ ಜಾಗದಲ್ಲೇ ಚಡಪಡಿಸುತ್ತಿದ್ದ. ಅಂಥ ಕಿವಿಯವನಿಗೆ ಮಗಳು ಹುಟ್ಟಿದರೆ ಕೇಳಬೇಕೆ? ಊಟವಾದ ಮೇಲೆ ತೊಟ್ಟಿಲ ಹತ್ತಿರ ಕೂತವನು ಏಳಲೇ ಇಲ್ಲ.

"ನಿಂಗೊಂದು ಚಿಕ್ಕ ಓಲಗ ಮಾಡಿಸ್ತೀನಿ ಕಣವ್ವ. ಹೆಣ್ಣುಮಕ್ಕಳು ಊದಬಾರದು ಅಂತ ಯಾರಾದ್ರೂ ಬಾಯಿ ತೆಗೀಲಿ, ನಾನು ನೋಡ್ಕೋತೀನಿ. ಅರಮನೆ ಅಂಗಳದಲ್ಲಿ ನೀನು ಮುಂದೆ ಕೂತು ಊದಬೇಕು, ನಾನು ಹಿಂದೆ ಕೂತು ಶ್ರುತಿ ಹಿಡೀಬೇಕು. ಮಹಾರಾಜರು ನಿನ್ನ ಕೈಗೆ ಚಿನ್ನದ ಕಡಗ ತೊಡಿಸಬೇಕು."

ಮಗು ಕಾಲು ಝಾಡಿಸುತ್ತಾ, ಸೂರು ನೋಡುತ್ತಾ, ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಕಡಗಕ್ಕಿಂತ ಅದಕ್ಕೆ ಮುಷ್ಟಿಯೇ ರುಚಿ.

ಇದರಲ್ಲಿ ತಪ್ಪೇನೂ ಇಲ್ಲ ಮಕ್ಕಳೇ. ಮಡಿಲಿಗೆ ಕೂಸು ಬಂದ ಮೇಲೆ ಆಸೆ ಪಡದ ಅಪ್ಪ ಎಲ್ಲಿದ್ದಾನೆ? ನಿಮ್ಮ ಅಪ್ಪನೂ ಪಟ್ಟಿರುತ್ತಾನೆ, ಹೋಗಿ ಕೇಳಿ. ಎಡವಟ್ಟಾಗಿದ್ದು ಮಾರನೆಯ ದಿನ.

ಅಲಮೇಲು ಎಣ್ಣೆ ಹಚ್ಚಿಕೊಂಡು ತಲೆಗೆ ಎರೆದುಕೊಳ್ಳಲು ಹಿತ್ತಲ ಬಚ್ಚಲಿಗೆ ಹೊರಟಳು. ಮಗು ಹಾಲು ಕುಡಿದು ಮಲಗಿತ್ತು.

"ಅತ್ರೆ ಎತ್ಕೊಳ್ಳಿ. ಎತ್ಕೊಂಡ್ರೂ ಸುಮ್ಮನಾಗದಿದ್ರೆ ನನ್ನ ಕೂಗಿ" ಅಂದಳು.

"ಹೋಗೇ, ನಾನಿಲ್ವಾ?" ಅಂದ ಮುನಿವೆಂಕಟ.

ಇದ್ದ, ಇದ್ದ. ಇದ್ದೇನು ಬಂತು!

ಸ್ವಲ್ಪ ಹೊತ್ತಿಗೆ ಪಿಳ್ಳಪ್ಪ ಡೋಲು ಬಿಗಿ ಮಾಡಿಕೊಳ್ಳಲು ಬಂದು ಜಗುಲಿ ಮೇಲೆ ಕೂತ. ಅಷ್ಟರಲ್ಲಿ ಮಗು ಎದ್ದಿತು. ಎದ್ದದ್ದೇ ಅಳು. ಹಸಿವಿನ ಕುಂಯ್‌ಗುಟ್ಟುವಿಕೆಯಲ್ಲ, ಒಂದೇ ಉಸಿರಿಗೆ ಎಳೆದ ಕಿರುಚಾಟ. ಪಿಳ್ಳಪ್ಪ ತೊಟ್ಟಿಲಿಗೆ ಕೈ ಹಾಕಿದ.

"ಎತ್ತಬೇಡ ಕಣೋ!" ಮುನಿವೆಂಕಟ ಅವನ ಕೈ ಹಿಡಿದುಕೊಂಡ. "ಎತ್ತಿದ್ರೆ ನಿಲ್ಲಿಸಿಬಿಡ್ತಾಳೆ. ಆ ಉಸಿರು ನೋಡೋ! ದೊಡ್ಡ ದೊಡ್ಡ ವಿದ್ವಾಂಸರಿಗೂ ಇಷ್ಟು ದಮ್ಮಿಲ್ಲ."

ಓಡಿಹೋಗಿ ಶ್ರುತಿಪೆಟ್ಟಿಗೆ ತಂದ. ಮಗುವಿನ ಅಳುವಿಗೆ ಸರಿಯಾಗಿ ಶ್ರುತಿ ಕೊಟ್ಟ. ಪಿಳ್ಳಪ್ಪನೂ ಹುರುಪಿಗೆ ಬಿದ್ದು ಡೋಲಿನ ಮೇಲೆ ಬೆರಳಾಡಿಸಿದ. ಅಯ್ಯೋ ಮಂಕುಗಳಿರಾ! ಕೂಸು ಒದ್ದಾಡುತ್ತಿದೆ, ಇವರಿಬ್ಬರದು ಕಚೇರಿ.

"ಯಾಕ್ರೀ ಮಗು ಅಳ್ತಿದೆ?" ಬಚ್ಚಲಿಂದ ಅಲಮೇಲು ಕೂಗಿದಳು. ತಲೆ ತುಂಬ ಸೀಗೆಪುಡಿ, ಕಣ್ಣು ಬಿಡುವಂತಿಲ್ಲ.

"ಅಳ್ತಿಲ್ಲ ಕಣೇ, ಸಾಧನೆ ಮಾಡ್ತಿದಾಳೆ!"

ಅಳು ಇನ್ನೂ ಮೇಲೇರಿತು. "ಮೇಲಿನ ಷಡ್ಜ ಮುಟ್ಟಿದಳು!" ಅಂತ ಮುನಿವೆಂಕಟ ತೊಡೆ ತಟ್ಟಿದ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ದನಿ ಒಡೆಯಿತು. ಮಗುವಿನ ಬಾಯಿ ತೆರೆದಿತ್ತು, ಮುಖ ಕಪ್ಪಿಟ್ಟಿತ್ತು, ಆದರೆ ಸದ್ದೇ ಇರಲಿಲ್ಲ. ಪಿಳ್ಳಪ್ಪನ ಕೈ ನಿಂತುಹೋಯಿತು.

"ಅಣ್ಣ... ಇದು ಹಾಡಲ್ಲ ಅನ್ನಿಸ್ತದೆ."

ಮುನಿವೆಂಕಟನಿಗೆ ಜೀವ ಬಾಯಿಗೆ ಬಂತು. ಮಗುವನ್ನು ಬಾಚಿ ಎತ್ತಿಕೊಂಡ. ಬೆನ್ನು ತಟ್ಟಿದ, ತೂಗಿದ, ಗಿಲಕಿ ಆಡಿಸಿದ. ದನಿ ತಿರುಗಿ ಬಂತು, ಅದರ ಜೊತೆ ಅಳುವೂ ಬಂತು, ನಿಲ್ಲಲಿಲ್ಲ. ಈಗ ಆ ಅಳು ಅವನಿಗೆ ಯಾವ ಶ್ರುತಿಯಾಗಿಯೂ ಕೇಳಿಸಲಿಲ್ಲ.

"ಅಲಮೇಲೂ, ಬೇಗ ಬಾರೇ!"

ಅವಳು ನೀರು ಸುರಿಯುವ ತಲೆಯಲ್ಲೇ ಓಡಿಬಂದಳು. ಹಾಲಿಗೆ ಹಿಡಿದಳು, ಮಗು ಬಾಯಿ ತಿರುಗಿಸಿತು. ಹೊಟ್ಟೆ ಒತ್ತಿ ನೋಡಿದಳು, ಮೆತ್ತಗಿತ್ತು. ಹಣೆ ಮುಟ್ಟಿದಳು, ಜ್ವರವಿರಲಿಲ್ಲ.

"ಏನಾಯ್ತು ನನ್ನ ಕೂಸಿಗೆ? ಎಷ್ಟು ಹೊತ್ತಿಂದ ಹೀಗೆ ಅಳ್ತಿದೆ?"

ಮುನಿವೆಂಕಟ ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದ. ಕೇಳುತ್ತಾ ಕೇಳುತ್ತಾ ಅಲಮೇಲುವಿನ ಗಾಬರಿ ಸಿಟ್ಟಾಯಿತು.

"ನಿಮ್ಮ ಓಲಗದಲ್ಲಿ ಅಪಸ್ವರ ಬಂದ್ರೆ ಏನ್ಮಾಡ್ತೀರಿ?"

"ಬಿಚ್ಚಿ ನೋಡ್ತೀನಿ" ಅಂದ ಅವನು, ಮೆಲ್ಲಗೆ. "ಸೀವಾಳಿ ಸೀಳಿದ್ಯಾ, ದಾರ ಸಡಿಲ ಆಗಿದ್ಯಾ, ತೂತಲ್ಲಿ ಕಸ ಕೂತಿದ್ಯಾ ಅಂತ."

"ಮರದ ತುಂಡಿಗೆ ಅಷ್ಟು ಮಾಡೋರು, ಹೆತ್ತ ಮಗೂಗೆ ತಾಳ ಹಾಕ್ತಾ ಕೂತಿದ್ರಲ್ರೀ! ಬಿಚ್ಚಿ ನೋಡಿ, ಈಗಲಾದ್ರೂ ಬಿಚ್ಚಿ ನೋಡಿ!"

ಮುನಿವೆಂಕಟ ಮಗುವನ್ನು ಚಾಪೆ ಮೇಲೆ ಮಲಗಿಸಿ ಬಟ್ಟೆಯೆಲ್ಲ ತೆಗೆದ. ಓಲಗ ತಡವುವ ಬೆರಳುಗಳಲ್ಲಿ ನೆತ್ತಿಯಿಂದ ತಡವುತ್ತಾ ಬಂದ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ, ಬೆನ್ನಿನಲ್ಲಿ ಏನೂ ಇಲ್ಲ. ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಎಡಗಾಲಿನ ಬೆರಳೊಂದು ಹಣ್ಣಾದ ತೊಂಡೆಕಾಯಿಯ ಹಾಗೆ ಕೆಂಪಗೆ ಊದಿಕೊಂಡಿತ್ತು. ಮುಟ್ಟಿದರೆ ಮಗು ಚಿಟ್ಟನೆ ಚೀರಿತು.

ಬೆಳಕಿಗೆ ಹಿಡಿದು ನೋಡಿದ. ಬೆರಳಿನ ಬುಡದಲ್ಲಿ ಒಂದು ಕೂದಲು ಬಿಗಿಯಾಗಿ ಸುತ್ತಿಕೊಂಡು ಚರ್ಮದೊಳಗೇ ಹೂತುಹೋಗಿತ್ತು. ಬಾಣಂತಿಯರ ಕೂದಲು ಉದುರುವುದು ನಿಮಗೆ ಗೊತ್ತಿರಬಹುದು. ಹಾಗೆ ಉದುರಿದ್ದು ಬಟ್ಟೆಯಲ್ಲಿ ಸೇರಿಕೊಂಡಿದೆ. ಮಗು ಕಾಲು ಝಾಡಿಸಿದಷ್ಟೂ ಅದು ಸುತ್ತಿಕೊಂಡಿದೆ, ಬೆರಳು ಊದಿದಷ್ಟೂ ಬಿಗಿದಿದೆ.

ಸೀವಾಳಿಯ ದಾರ ಬಿಡಿಸುವ ಸೂಜಿ ತಂದು ಮುನಿವೆಂಕಟ ಕೂತ. ಆದರೆ ಕಣ್ಣು ಮಂಜಾಗಿತ್ತು. ಪಿಳ್ಳಪ್ಪ ಪುಟ್ಟ ಪಾದವನ್ನು ಅಲುಗದ ಹಾಗೆ ಹಿಡಿದುಕೊಂಡ. ಮುನಿವೆಂಕಟ ಕಣ್ಣೊರೆಸಿಕೊಂಡು, ಉಸಿರು ಬಿಗಿಹಿಡಿದು, ಸೂಜಿಯ ಮೊಂಡು ತುದಿಯಿಂದ ಕೂದಲನ್ನು ಒಂದಿಷ್ಟು ಮೇಲೆತ್ತಿದ. ಅಲಮೇಲು ಕತ್ತರಿಯ ತುದಿ ತಾಗಿಸಿದಳು. ಕೂದಲು ತುಂಡಾಯಿತು.

ಮಗು ಇನ್ನೂ ಒಂದಿಷ್ಟು ಹೊತ್ತು ಬಿಕ್ಕಿತು. ಆಮೇಲೆ ಅಮ್ಮನ ಎದೆ ಹುಡುಕಿತು. ವೈದ್ಯರ ಮನೆಗೆ ಎತ್ತಿಕೊಂಡು ಹೋದರು. ಅವರು ಬೆರಳು ತಿರುಗಿಸಿ ನೋಡಿ ಲೇಪ ಹಚ್ಚಿದರು. "ಭಯವಿಲ್ಲ, ಉಳೀತು. ಇವತ್ತೆಲ್ಲ ಹಾಗೇ ಬಿಟ್ಟಿದ್ರೆ ಬೆರಳು ಹೋಗ್ತಿತ್ತು" ಅಂದರು. ಮುನಿವೆಂಕಟ ಮಗುವನ್ನು ತಾನೇ ಎತ್ತಿಕೊಂಡು ಮನೆಗೆ ಹೊರಟ.

ದಾರಿಯಲ್ಲಿ ಅಲಮೇಲು ಕಣ್ಣೀರು ಹಾಕಿದಳು. "ನನ್ನ ಕೂದಲೇ ಕಣ್ರೀ. ನನ್ನಿಂದಲೇ ಆಗಿದ್ದು."

"ಹುಚ್ಚಿ! ಕೂದಲು ಉದುರೋದು ಯಾರ ಕೈಲಿದೆ?" ಅಂದ ಮುನಿವೆಂಕಟ. "ಅವಳು ಪಾಪ, ಬಾಯಿ ಬಿಟ್ಟು ಹೇಳ್ತಾನೇ ಇದ್ಲು, ಅಪ್ಪಾ ಕಾಲು ನೋಯ್ತದೆ ಅಂತ. ಊರಲ್ಲೆಲ್ಲ ನನ್ನಂಥ ಕಿವಿ ಇಲ್ಲ ಅಂತ ಮೆರೀತಿದ್ದೆ. ನನ್ನ ಮಗಳ ಮಾತೇ ನಂಗೆ ಕೇಳಿಸ್ಲಿಲ್ಲ."

ಅವತ್ತಿನಿಂದ ಮಗು ಅತ್ತರೆ ಅವನು ಮೊದಲು ಎತ್ತಿಕೊಳ್ಳುತ್ತಿದ್ದ. ಬಟ್ಟೆ ಒದ್ದೆಯೋ, ಇರುವೆ ಕಚ್ಚಿತೋ, ನಿದ್ದೆ ಬಂತೋ ಅಂತ ನೋಡುತ್ತಿದ್ದ. ನೋಡನೋಡುತ್ತ ಹಸಿವಿನ ಅಳು ಯಾವುದು, ನಿದ್ದೆಯ ಅಳು ಯಾವುದು, ಬರೀ ಎತ್ತಿಕೋ ಅನ್ನುವ ಅಳು ಯಾವುದು ಅಂತ ಅಲಮೇಲುವಿಗಿಂತ ಮೊದಲೇ ಹೇಳುವಷ್ಟಾದ. ಮಗುವೂ ಅವನ ಹೆಜ್ಜೆ ಸದ್ದು ಕೇಳಿದರೆ ಬೊಚ್ಚುಬಾಯಿ ಬಿಟ್ಟು ನಗತೊಡಗಿತು.

ಮುಂದೊಂದು ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯ ಹಿರಿಯರೊಬ್ಬರು ಕೇಳಿದರು: "ಏನಪ್ಪ ಮುನಿವೆಂಕಟ, ಮಗಳು ಬಂದಿದಾಳಂತೆ. ಮುಂದೆ ಏನ್ಮಾಡ್ತೀಯ ಅವಳನ್ನ? ಓಲಗದವಳನ್ನಾಗಿ ಮಾಡ್ತೀಯೋ?"

ಪಿಳ್ಳಪ್ಪ ಡೋಲು ಕೆಳಗಿಟ್ಟು ಆರಾಮಾಗಿ ಕೂತ. ಮುನಿವೆಂಕಟ ಈ ಮಾತು ಶುರು ಮಾಡಿದರೆ ಮುಹೂರ್ತ ಮೀರಿದರೂ ಮುಗಿಸುವವನಲ್ಲ ಅಂತ ಅವನಿಗೆ ಗೊತ್ತಿತ್ತು.

ಮುನಿವೆಂಕಟ ನಕ್ಕ. "ಆಸೆ ಬೆಟ್ಟದಷ್ಟಿದೆ ಯಜಮಾನ್ರೇ, ಇಲ್ಲ ಅಂದ್ರೆ ಸುಳ್ಳಾಗ್ತದೆ. ಆದ್ರೆ ಅದು ನನ್ನಾಸೆ. ಅವಳು ಏನಾಗ್ಬೇಕು ಅಂತ ಅವಳಿನ್ನೂ ಹೇಳಿಲ್ಲ. ಹೇಳೋ ದಿನ ಕೇಳಿಸ್ಕೊಳ್ಳೋಕೆ ನಾನು ಹತ್ತಿರದಲ್ಲೇ ಇರ್ತೀನಿ."

ನೀತಿ: ಮಕ್ಕಳ ನಾಳೆಯ ಬಗ್ಗೆ ಹೆತ್ತವರು ಎಷ್ಟು ಕನಸು ಕಂಡರೂ ತಪ್ಪಿಲ್ಲ. ಆದರೆ ಆ ಕನಸಿನ ಗದ್ದಲದಲ್ಲಿ ಮಗು ಇವತ್ತು ಹೇಳುತ್ತಿರುವುದು ಕೇಳಿಸದೆ ಹೋಗಬಾರದು. ಮೊದಲು ಎತ್ತಿಕೊಳ್ಳಿ, ಕೇಳಿಸಿಕೊಳ್ಳಿ, ಕನಸು ಆಮೇಲೆ.