ಹೂವನೊಲ್ಲದ ತಾಯಿಯ ಒರತೆ

ತ್ರೇತಾಯುಗವಿನ್ನೂ ಕಣ್ಣುಬಿಡುತ್ತಿದ್ದ ಕಾಲದಲ್ಲಿ, ಕಲ್ಲಿನ ಹೊರತು ಇಲ್ಲೇನು ಬೆಳೆದೀತೆಂದು ದಾರಿಹೋಕರು ಮೂಗು ಮುರಿಯುತ್ತಿದ್ದ ಈ ಗವಿಗುಡ್ಡದ ಉದರದಿಂದ ಸ್ಫಟಿಕಸದೃಶವಾದ ಜಲಧಾರೆಯೊಂದು ಉಕ್ಕಿ, ಕೆಳಗಿನ ಕಗ್ಗಲ್ಲೂರಿನ ಜನ, ದನ, ಪಕ್ಷಿಸಂಕುಲವನ್ನೆಲ್ಲ ಪೋಷಿಸುತ್ತಿತ್ತು. ಜಗನ್ಮಾತೆಯಾದ ಶ್ರೀ ನಿರ್ಮಲಾಂಬೆಯೇ ಆ ಜಲರೂಪದಲ್ಲಿ ನೆಲೆಸಿದ್ದಳು. ಊರವರಿಗೆ ಆಕೆ ಒರತೆವ್ವ. ಈಗಲೂ ಹಾಗೆಯೇ ಕರೆಯುತ್ತೇವೆ.

ಈ ಮಹಿಮೆಯನ್ನು ಕೇಳಿ ಬಂದ ದೀರ್ಘಶಿಖನೆಂಬ ಮಹರ್ಷಿಯು, ದೇವಿಯ ಸಾಕ್ಷಾತ್ಕಾರಕ್ಕಾಗಿ ದ್ವಾದಶವರ್ಷಗಳ ಪುಷ್ಪಾರ್ಚನಾವ್ರತವನ್ನು ಸಂಕಲ್ಪಿಸಿ, ದಿನಕ್ಕೆ ಸಹಸ್ರ ಕಣಗಿಲೆ ಹೂಗಳನ್ನು ಒರತೆಗೆ ಸಮರ್ಪಿಸತೊಡಗಿದನು. ದೇವರಿಗೇರಿಸಿದ್ದನ್ನು ತೆಗೆಯುವುದು ಮಹಾಪಾಪವೆಂದು ಒಂದು ಎಸಳನ್ನೂ ಯಾರಿಗೂ ಮುಟ್ಟಗೊಡಲಿಲ್ಲ. ಪಾಪ, ಭಕ್ತಿಗೇನೂ ಕೊರತೆಯಿರಲಿಲ್ಲ. ಆದರೆ ಹೂವು ಕೊಳೆಯುತ್ತದೆಂಬುದು ಅಷ್ಟು ದೊಡ್ಡ ಜ್ಞಾನಿಗೆ ಹೊಳೆಯಲೇ ಇಲ್ಲ ನೋಡಿ! ನೀರು ಕಪ್ಪಾಯಿತು, ನಾರಿತು, ಕುಡಿದ ದನಗಳು ಕಾಲುಚಾಚಿದವು. ಊರವರೋ, ಶಾಪಕ್ಕೆ ಹೆದರಿ ಬಾಯಿಗೆ ಬೀಗ ಹಾಕಿಕೊಂಡು ಕೂತರು.

ವ್ರತಸಮಾಪ್ತಿಗೆ ಒಂದೇ ದಿನ ಉಳಿದಿರಲು, ಬಟ್ಟೆ ಒಗೆದು ಬದುಕುವ ಗಿರಿಯವ್ವನೆಂಬವಳು ಖಾಲಿ ಕೊಡವನ್ನು ಹೊತ್ತು ಗುಡ್ಡವೇರಿ ಬಂದಳು. ಆಕೆಯ ಮಗಳು ಹೆತ್ತು ಎಂಟು ದಿನವಾಗಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಊರಿನಲ್ಲಿ ಅವಳ ಗಂಟಲಿಗೆ ಬಿಡಲು ಒಂದು ಗುಟುಕು ಒಳ್ಳೆಯ ನೀರಿರಲಿಲ್ಲ.

“ಸ್ವಾಮೇರ, ಮನ್ಯಾಗ ಬಾಣಂತಿ ಅದಾಳ. ನಿಮ್ಮ ಹೂವು ನಿಮ್ಗ ದೊಡ್ಡದು, ನನ್ನ ಮಗಳು ನನಗ ದೊಡ್ಡಾಕಿ. ಶಾಪ ಕೊಡೋದಿದ್ರ ಕೊಡ್ರಿ, ನಾ ಇಳಿಯಾಕಿ,” ಎಂದವಳೇ ಸೀರೆಯ ಕಚ್ಚೆ ಬಿಗಿದು ಒರತೆಗಿಳಿದು, ಕೊಳೆತ ಹೂವನ್ನು ಬಾಚಿ ಬಾಚಿ ದಡಕ್ಕೆಸೆದಳು.

ಮಹರ್ಷಿಯು ಕೋಪಾಗ್ನಿಯಿಂದ ಕಂಪಿಸುತ್ತ, ಶಾಪಜಲಕ್ಕಾಗಿ ಕಮಂಡಲುವನ್ನು ಬಗ್ಗಿಸಿದನು, ಬರಿದು. ಒರತೆಗೆ ಕೈಯಿಟ್ಟನು, ಬೊಗಸೆ ತುಂಬ ಬಂದದ್ದು ನಾರುವ ಕೆಸರು. ಶಪಿಸುವುದಕ್ಕೂ ಶುದ್ಧೋದಕ ಬೇಕಲ್ಲ! ಆತನು ಕೆಸರುಗೈಯಲ್ಲಿ ದಿಕ್ಕುತೋಚದೆ ನಿಂತಿರಲು, ಬಂಡೆಗಳೆಲ್ಲ ನಡುಗುವಂತೆ ಪಾತಾಳದಿಂದ ವಾಣಿಯೊಂದು ಕೇಳಿಬಂದಿತು:

“ಎಲೈ ದೀರ್ಘಶಿಖನೇ, ಹನ್ನೆರಡು ವರ್ಷಗಳಿಂದಲೂ ನಿನ್ನೆದುರಿಗೇ ಇದ್ದೆನು. ನೀನು ನನ್ನ ಉಸಿರಿನ ಮೇಲೆ ಹೂ ಸುರಿದೆ. ನನ್ನನ್ನು ಕಾಣಬೇಕಾದರೆ ಇವಳೊಡನೆ ಇಳಿ.”

ವ್ರತವನ್ನು ಅಲ್ಲಿಗೇ ಕೈಬಿಟ್ಟು ಮಹರ್ಷಿಯು ಇಳಿದನು. ಜಟೆಯ ಮೇಲೆ ಕೆಸರು ಹೊತ್ತ ಆತನನ್ನು ಕಂಡು ಊರವರ ಹೆದರಿಕೆಯೂ ಕಳಚಿತು. ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಬಂದರು, ಆಳೆತ್ತರದ ಹೂಳನ್ನು ಎತ್ತಿದರು. ಇಳಿಹೊತ್ತಿಗೆ ತಳದ ಬಂಡೆ ಕಂಡಿತು. ಅದರ ಬಿರುಕಿನಲ್ಲಿ ಮೊದಲೊಂದು ಹನಿ, ಆಮೇಲೊಂದು ಎಳೆ, ಆಮೇಲೆ, ಅಬ್ಬಾ, ಗುಡ್ಡವೇ ಬಾಯ್ತೆರೆದಂತೆ ನೀರು ಚಿಮ್ಮಿತು! ನೆರೆದವರೆಲ್ಲ ಕೈಮುಗಿದರು. ಆ ನೀರಿನಲ್ಲಿ ತಾನು ಕಂಡದ್ದೇನೆಂದು ಮಹರ್ಷಿಯು ಯಾರಿಗೂ ಹೇಳಲಿಲ್ಲ. ಗಿರಿಯವ್ವನ ಕೊಡವನ್ನು ತುಂಬಿ, ತಾನೇ ಹೊತ್ತು ಅವಳ ಮನೆಗೆ ನಡೆದನು. ಬಾಣಂತಿ ಕುಡಿದು ಕಣ್ತೆರೆದಳು.

ಅಂದೆತ್ತಿದ ಹೂಳಿನ ರಾಶಿಯೇ ಪೂರ್ವದಲ್ಲಿ ನೀವು ಕಾಣುವ ಹಸಿರು ದಿಬ್ಬ. ಈ ಸನ್ನಿಧಿಯಲ್ಲಿ ಹೂವಿಲ್ಲ, ಹಣ್ಣಿಲ್ಲ, ಪ್ಲಾಸ್ಟಿಕ್ ಚೀಲವಂತೂ ಮೊದಲೇ ಇಲ್ಲ. ಚೈತ್ರ ಹುಣ್ಣಿಮೆಯಂದು ಎಲ್ಲರೂ ಬರಿಗೈಯಲ್ಲಿ ಬಂದು ಹೂಳೆತ್ತುವುದೇ ಇಲ್ಲಿಯ ಮಹಾಪೂಜೆ. ಮೊದಲ ಬುಟ್ಟಿ ಅರ್ಚಕನಾದ ನನ್ನ ತಲೆಯ ಮೇಲೆ.

ಈ ಪುರಾಣವನ್ನು ಕೇಳಿದವರಿಗೆ ಏನು ಫಲವೆಂದು ಕೆಲವರು ವಿಚಾರಿಸುತ್ತಾರೆ. ಬರೀ ಕೇಳಿದರೆ ಏನೂ ಇಲ್ಲ. ಬುಟ್ಟಿಗಳು ಎಡಗಡೆಯ ಮಂಟಪದಲ್ಲಿವೆ.