ಸಪ್ಪೆ ಸಾರು

"ಬುದ್ಧಿ, ಕಾಯಿಲೆ ಬಿದ್ದವನು ಮಠದ ಜಗಲಿಯ ಮೇಲೆ ಏದುಸಿರು ಬಿಡುತ್ತ ಕೂತಿದ್ದಾನೆ. ಅವನನ್ನು ಬಿಟ್ಟು, ನೆಟ್ಟಗಿರುವವರ ಮನೆಮನೆ ತಿರುಗಿ ಅವರು ಏನು ಉಣ್ಣುತ್ತಾರೆ, ಎಷ್ಟು ನಡೆಯುತ್ತಾರೆ ಎಂದು ನಾನು ಯಾಕೆ ಕೇಳಿಕೊಂಡು ಬರಬೇಕು?"

ಮಠದಲ್ಲಿ ವೈದ್ಯ ಕಲಿಯುತ್ತಿದ್ದ ಮರುಳಯ್ಯ ಹೀಗೆ ಕೇಳಿದ. ಸುತ್ತಲ ಊರುಗಳಿಗೆಲ್ಲ ಹೋಗಿ ವಿಚಾರಿಸಿಕೊಂಡು ಬಾ ಎಂದು ಗುರುಗಳು ಬೆಳಿಗ್ಗೆಯೇ ಅಪ್ಪಣೆ ಕೊಟ್ಟಿದ್ದರು. ಅದು ಅವನಿಗೆ ಹಿಡಿಸಿರಲಿಲ್ಲ. ಗುರುಗಳು ಗದರಿಸಲಿಲ್ಲ. ಕೂತುಕೋ ಎಂದು ಹೇಳಿ ಕತೆ ಶುರು ಮಾಡಿದರು.

ಕಡಲ ಕಡೆ ಒಂದು ಊರು. ಅಲ್ಲಿಯವರ ಕಸುಬು ಉಪ್ಪು ಬೆಳೆಯುವುದು. ಕಡಲ ನೀರನ್ನು ಪಾತಿಗೆ ಕಟ್ಟಿ, ಬಿಸಿಲಿಗೆ ಬಿಟ್ಟು, ಉಪ್ಪು ಬಾಚುತ್ತಿದ್ದರು. ಆ ಊರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಒಳ್ಳೆಯದು. ಆದರೆ ಒಂದು ಕಾಯಿಲೆ ಮಾತ್ರ ಅವನ ಕೈಗೆ ಸಿಕ್ಕಿರಲಿಲ್ಲ. ನಡುವಯಸ್ಸು ದಾಟಿದವರಲ್ಲಿ ಆಗಾಗ ಯಾರಿಗಾದರೂ ಕಾಲು ಬಾತುಕೊಳ್ಳುತ್ತಿತ್ತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತುವುದರೊಳಗೆ ಉಸಿರು ಮೇಲಕ್ಕೆ ಬರುತ್ತಿತ್ತು. ಗುಂಡಿಗೆ ಸೋತಿದೆ ಎಂದು ವೈದ್ಯನಿಗೆ ಗೊತ್ತಿತ್ತು. ಯಾಕೆ ಸೋತಿತು ಎಂದು ಗೊತ್ತಿರಲಿಲ್ಲ.

ಅವನು ಕಾಯಿಲೆಯವರನ್ನೇ ಕೇಳಿದ. ಒಬ್ಬ, ಸೊಸೆಯ ಬಾಯಿಂದ ಬಂತು ಅಂದ. ಒಬ್ಬಳು, ಸುಡುಗಾಡಿನ ಹಾದಿಯಲ್ಲಿ ಹೆದರಿಕೊಂಡಿದ್ದೆ ಅಂದಳು. ಇನ್ನೊಬ್ಬ, ನನ್ನ ತಮ್ಮ ಆಸ್ತಿಯಲ್ಲಿ ಪಾಲು ಕೇಳಿದ ದಿನದಿಂದ ಶುರುವಾಯಿತು ಅಂದ. ವೈದ್ಯ ಎಲ್ಲವನ್ನೂ ನಂಬಿದ. ಮದ್ದಿನ ಜೊತೆಗೆ ಒಬ್ಬನಿಗೆ ಸಮಾಧಾನ ಹೇಳಿದ, ಒಬ್ಬಳಿಗೆ ವಿಭೂತಿ ಕೊಡಿಸಿದ. ಅವರೆಲ್ಲ ಒಬ್ಬರ ಹಿಂದೆ ಒಬ್ಬರು ತೀರಿಹೋದರು.

ಒಂದು ದಿನ ಅವನ ಹೆಂಡತಿ ನೀರು ಹೊತ್ತು ಬಂದವಳು ಕೊಡ ಇಳಿಸಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ವೈದ್ಯ ಅವಳ ಪಾದ ಒತ್ತಿ ನೋಡಿದ. ಗುಳಿ ಬಿತ್ತು.

"ಊರಿಗೆಲ್ಲ ಕಾರಣ ಹೇಳುತ್ತೀರಲ್ಲ, ನನಗೆ ಯಾವ ಸೊಸೆ, ಯಾವ ದೆವ್ವ, ಹೇಳಿ ನೋಡೋಣ" ಎಂದು ಅವಳು ನಕ್ಕಳು. ನಗುವುದಕ್ಕೂ ಉಸಿರು ಸಾಲಲಿಲ್ಲ.

ವೈದ್ಯ ಲೆಕ್ಕ ಹಾಕಿದ. ಅವಳಿಗೆ ಇದ್ದವಳು ಒಬ್ಬಳೇ ಮಗಳು, ಸೊಸೆಯ ಮಾತೇ ಇಲ್ಲ. ಹೆದರುವ ಜೀವವೂ ಅಲ್ಲ. ಉಂಡದ್ದು ತನ್ನ ಜೊತೆಯಲ್ಲೇ. ಹಾಗಾದರೆ ಊರಿಗೆಲ್ಲ ಒಂದೇ ಆದ ನೀರೇ ಇರಬೇಕು ಅಂದುಕೊಂಡ. ಗುಡ್ಡದಿಂದ ಇಳಿದು ಬರುವ ಅದೇ ಹಳ್ಳದ ನೀರನ್ನು ಮೇಲಿನ ಊರಿನವರೂ ಕುಡಿಯುತ್ತಿದ್ದರು. ಅವರ ಕಾಲು ಹೇಗಿದೆ ನೋಡಿ ಬರುತ್ತೇನೆ ಎಂದು ಹೊರಟ.

ಮೇಲಿನ ಊರಿನಲ್ಲಿ ಹುಡುಕಿದರೂ ಬಾತ ಕಾಲು ಹೆಚ್ಚು ಸಿಗಲಿಲ್ಲ. ನೀರಿನ ಮಾತು ಅಲ್ಲಿಗೇ ಮುಗಿಯಿತು. ವೈದ್ಯ ಸೋತು ಒಂದು ಮನೆಯ ಮುಂದೆ ನಿಂತ. ಮನೆಯಾಕೆ ಒಳಗೆ ಕರೆದು ಎಲೆ ಹಾಕಿದಳು. ಅನ್ನದ ಮೇಲೆ ಸಾರು ಬಿತ್ತು. ಸಾರು ಸಪ್ಪೆ.

"ತಾಯಿ, ಉಪ್ಪು ಹಾಕುವುದು ಮರೆತಿದ್ದೀರಿ."

ಆಕೆ ಬಟ್ಟಲಲ್ಲಿ ಉಪ್ಪು ತಂದಿಟ್ಟಳು. ವೈದ್ಯ ಅಷ್ಟನ್ನೂ ಸುರಿದುಕೊಂಡು ಕಲಸಿದ.

"ಏನು ವೈದ್ಯರೇ, ಉಣ್ಣುತ್ತಿದ್ದೀರೋ, ಹೊಟ್ಟೆಯೊಳಗೆ ಉಪ್ಪಿನಕಾಯಿ ಹಾಕುತ್ತಿದ್ದೀರೋ?" ಎಂದಳು ಆಕೆ.

ಮನೆಮಂದಿಯೆಲ್ಲ ನಕ್ಕರು. ವೈದ್ಯನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಅವನ ಊರಿನಲ್ಲಿ ಉಪ್ಪಿಗೆ ಅಳತೆಯೇ ಇರಲಿಲ್ಲ. ಗಂಜಿಗೆ ಹಿಡಿ ಉಪ್ಪು, ಮಜ್ಜಿಗೆಗೆ ಹಿಡಿ ಉಪ್ಪು, ನಂಜಿಕೊಳ್ಳಲು ಉಪ್ಪಿನಲ್ಲಿಟ್ಟ ಮಾವಿನಕಾಯಿ. ಬಂದವರಿಗೆ ಉಪ್ಪು ಕಡಿಮೆ ಬಡಿಸಿದರೆ ಆ ಮನೆಯವರ ಕೈ ಗಿಡ್ಡ ಅನ್ನುತ್ತಿದ್ದರು. ಕಾಯಿಲೆಯವರೂ ಹಾಗೇ ತಿಂದರು, ಗಟ್ಟಿಯಾಗಿದ್ದವರೂ ಹಾಗೇ ತಿಂದರು, ಅವನೂ ತಿಂದ. ಎಲ್ಲರೂ ತಿಂದದ್ದರಿಂದ ಯಾರೂ ಅದನ್ನು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಕಾರಣ ಉಪ್ಪೇ ಇರಬೇಕು ಅಂದುಕೊಂಡ. ಆದರೂ ಒಂದು ಮನೆಯ ಸಾರನ್ನು ನೆಚ್ಚಿಕೊಂಡು ಮಾತಾಡುವ ಹಾಗಿಲ್ಲ. ಎಲೆ ಎತ್ತಿದವನೇ ಪಕ್ಕದ ಮನೆಗೆ ಓಡಿ, "ಅಮ್ಮಾ, ಒಂದು ಸೌಟು ಸಾರು ಹಾಕಿ" ಅಂದ. ಅಲ್ಲಿಂದ ಅದರಾಚೆಯ ಮನೆಗೆ. ಅಲ್ಲಿಂದ ಬೇರೆ ಊರಿಗೆ. ಉಪ್ಪು ದುಬಾರಿಯಾದ ಗುಡ್ಡದ ಊರುಗಳಿಗೆ ಹೋದ, ಉಪ್ಪು ಹಾಕಿದ ಒಣಮೀನಿಲ್ಲದೆ ಉಣ್ಣದ ಊರುಗಳಿಗೆ ಹೋದ. ಸಾರಿನ ರುಚಿ ನೋಡಿದ, ಮನೆಮಂದಿಯ ಕಾಲು ಒತ್ತಿದ. ಹುಚ್ಚು ವೈದ್ಯ ಬಂದ ಎಂದು ಹೆಂಗಸರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಅವನಿಗೆ ಹಸಿವಿಲ್ಲ, ದಣಿವಿಲ್ಲ. ಹೋದ ಹಾಗೆಲ್ಲ ಸಂಗತಿ ಬಿಚ್ಚಿಕೊಳ್ಳುತ್ತ ಬಂತು. ಉಪ್ಪು ಮುಂದಾದ ಊರಿನಲ್ಲಿ ಗುಳಿ ಬೀಳುವ ಕಾಲು ಹೆಚ್ಚು, ಸಪ್ಪೆ ಉಣ್ಣುವ ಊರಿನಲ್ಲಿ ಕಡಿಮೆ. ಸಪ್ಪೆ ಉಣ್ಣುವ ಊರಿನಲ್ಲೂ ಬಿಡದೆ ಚುಟ್ಟ ಸೇದುವ ಕೆಲವರ ಗುಂಡಿಗೆ ಸೋತಿತ್ತು. ಅದನ್ನೂ ಮರೆಯದೆ ಮನಸ್ಸಿನಲ್ಲಿಟ್ಟುಕೊಂಡ.

ಊರಿಗೆ ಬಂದವನು ಮೊದಲು ಅಡುಗೆಮನೆಗೆ ನುಗ್ಗಿ ಉಪ್ಪಿನ ಮಡಕೆಯನ್ನು ಅಟ್ಟಕ್ಕೆ ಹಾಕಿದ. ಆಮೇಲೆ ಊರನ್ನು ಸೇರಿಸಿ, ಕಂಡದ್ದನ್ನೆಲ್ಲ ಹೇಳಿ, ಉಪ್ಪು ಕಡಿಮೆ ಮಾಡಿ ಅಂದ. ಒಬ್ಬ ಮುದುಕ ಎದ್ದು ನಿಂತು ಪಂಚೆ ಮೇಲೆತ್ತಿದ.

"ಹುಟ್ಟಿದಾಗಿನಿಂದ ಉಪ್ಪಿನಲ್ಲೇ ಬೆಳೆದಿದ್ದೇನೆ. ಎಲ್ಲಿ, ನನ್ನ ಕಾಲು ಒತ್ತು ನೋಡೋಣ."

ವೈದ್ಯ ಒತ್ತಿದ. ಗುಳಿ ಬೀಳಲಿಲ್ಲ. ಜನ ಹೋ ಎಂದು ನಕ್ಕರು.

"ಅಜ್ಜ, ನೀನು ತುಂಬಿದ ಹೊಳೆಯನ್ನು ಈಜಿ ದಾಟಿದವನು. ನಿನ್ನನ್ನು ನೋಡಿಕೊಂಡು ಊರಿನ ಮಕ್ಕಳನ್ನೆಲ್ಲ ಹೊಳೆಗೆ ಬಿಡಲೇ?" ಎಂದ ವೈದ್ಯ.

ನಗು ನಿಂತಿತು. ಗೊಣಗುತ್ತಲೇ ಒಂದೊಂದು ಮನೆಯವರು ಕೈ ಹಿಡಿದು ಉಪ್ಪು ಹಾಕತೊಡಗಿದರು. ನಾಲಿಗೆ ಸ್ವಲ್ಪ ದಿನ ಮುನಿಸಿಕೊಂಡಿತು, ಆಮೇಲೆ ಒಗ್ಗಿಕೊಂಡಿತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಕತೆಯ ಭರದಲ್ಲಿ ಮುಂದೆ ಮುಂದೆ ಸರಿದು ಗುರುಗಳ ಪಾದದ ಹತ್ತಿರವೇ ಬಂದು ಕೂತಿದ್ದ.

"ಅವನ ಹೆಂಡತಿ ಏನಾದಳು, ಬುದ್ಧಿ?"

"ಕಾಲಿನ ಬಾವು ಇಳಿಯಿತು. ಗುಂಡಿಗೆ ಮೊದಲಿನ ಹಾಗೆ ಆಗಲಿಲ್ಲ. ಆದರೂ ಮಗಳ ಬಾಣಂತನ ತಾನೇ ನಿಂತು ಮಾಡಿದಳು."

ಮರುಳಯ್ಯ ನಿಟ್ಟುಸಿರು ಬಿಟ್ಟ. "ಸದ್ಯ. ಅಷ್ಟು ಊರು ಅಲೆದದ್ದಕ್ಕೆ ಒಂದು ಜೀವವಾದರೂ ಬದುಕಿತಲ್ಲ."

ಗುರುಗಳು ಅವನ ಮುಖ ನೋಡಿ ಹೇಳಿದರು: "ತಮ್ಮ ಮನೆಗೂ ಹೊರಟಿದ್ದ ಆ ಕಾಯಿಲೆ ದಾರಿಯಲ್ಲೇ ನಿಂತಿತು ಎಂಬುದು ತಿಳಿಯದೆಯೇ ಆ ಊರಿನಲ್ಲಿ ಎಷ್ಟೋ ಜನ ಮುದುಕರಾದರು, ಮರುಳಯ್ಯ."